ಬುತ್ತಿ ಕಟ್ಟಿಕೊಟ್ಟವರು: ನಮ್ಮ ಭಾಗದ ವಿಶ್ವವಿದ್ಯಾಲಯದ ಕಥೆ



ಜನವರಿ 28ರಂದು ಧರ್ಮಸಭೆಯು ಸಂತ ಥಾಮಸ್ ಅಕ್ವಿನಾಸರ ಹಬ್ಬವನ್ನು ಆಚರಿಸುತ್ತದೆ. 1880ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಈ ಸಂತರನ್ನು ಕಥೋಲಿಕ ವಿಶ್ವವಿದ್ಯಾಲಯಗಳ, ಕಾಲೇಜುಗಳ ಮತ್ತು ಶಾಲೆಗಳ ಪಾಲಕರೆಂದು ಸಾರಿದರು. ಅಂದಿನಿಂದ ಇದು ವಿದ್ಯಾರ್ಥಿಗಳ ಹಬ್ಬ. ಈ ದಿನ ಪರೀಕ್ಷೆಗೆ ಕೂರುವ ಮಕ್ಕಳನ್ನು ಬಲಿಪೀಠದ ಮುಂದೆ ನಿಲ್ಲಿಸಿ ಆಶೀರ್ವದಿಸುವುದೂ ಉಂಟು. ಆಗ ನಾವು ಅವರಿಗೆ ಹೇಳುವ ಮಾತು ಸಾಮಾನ್ಯವಾಗಿ ಒಂದೇ, ಚೆನ್ನಾಗಿ ಓದಿರಿ ಎಂದು. ಓದುವ ಮಗುವನ್ನು ಓದಿಸಿದವರು ಯಾರು, ಅದರ ಊಟ ಎಲ್ಲಿಂದ ಬಂತು, ಶುಲ್ಕ ಕಟ್ಟಿದವರು ಯಾರು ಎಂಬ ಪ್ರಶ್ನೆ ಕೇಳುವವರು ಕಡಿಮೆ. ಬೆಳಗಾವಿ, ಖಾನಾಪುರದವರಾದ ನಾವು ನಮ್ಮ ಭಾಗದ ವಿಶ್ವವಿದ್ಯಾಲಯದ ಕಥೆಯನ್ನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆ ಹಬ್ಬದ ಅರ್ಥ ಇನ್ನೂ ಆಳವಾಗುವುದು ಎಂದು ನನ್ನ ನಂಬಿಕೆ.

ಮೂಕ ಎತ್ತು

ಥಾಮಸರು ಸುಮಾರು 1225ರಲ್ಲಿ ಇಟಲಿಯ ಒಂದು ಸಿರಿವಂತ ಮನೆತನದಲ್ಲಿ ಹುಟ್ಟಿದರು. ನೇಪಲ್ಸ್ ನಗರದ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರಿಗೆ ಸಂತ ದೊಮಿನಿಕರ ಸಭೆಯವರ ಪರಿಚಯವಾಯಿತು. ಆ ಸಭೆಯ ಸನ್ಯಾಸಿಗಳಿಗೆ ಆಸ್ತಿ ಇರಲಿಲ್ಲ. ಭಿಕ್ಷೆ ಬೇಡಿ ಉಣ್ಣಬೇಕಿತ್ತು. ಹಾಗಾಗಿ ಮನೆಯವರಿಗೆ ಇದು ಸರಿಬರಲಿಲ್ಲ. ಅವರ ವಿರೋಧದ ನಡುವೆಯೂ ಥಾಮಸರು ಆ ಸಭೆಯನ್ನು ಸೇರಿ, ಪ್ಯಾರಿಸ್ ಮತ್ತು ಕೊಲೋನ್ ನಗರಗಳಲ್ಲಿ ಸಂತ ಆಲ್ಬರ್ಟರ ಶಿಷ್ಯರಾಗಿ ಓದಿದರು.

ತರಗತಿಯಲ್ಲಿ ಅವರು ಮಾತನಾಡುತ್ತಿದ್ದುದು ಬಹಳ ಕಡಿಮೆ. ಮೈಕಟ್ಟು ದೊಡ್ಡದು. ಸಹಪಾಠಿಗಳು ಅವರಿಗೆ 'ಮೂಕ ಎತ್ತು' ಎಂದು ಅಡ್ಡಹೆಸರಿಟ್ಟರಂತೆ. ಈ ಎತ್ತಿನ ಕೂಗು ಒಂದು ದಿನ ಇಡೀ ಜಗತ್ತಿಗೆ ಕೇಳಿಸುವುದು ಎಂದು ಗುರು ಆಲ್ಬರ್ಟರು ಹೇಳಿದರೆಂದು ಪ್ರತೀತಿ. ಹಾಗೆಯೇ ಆಯಿತು.

ಆ ಕಾಲದ ವಿಶ್ವವಿದ್ಯಾಲಯಗಳಿಗೆ ಇಂದಿನಂಥ ದೊಡ್ಡ ಕಟ್ಟಡಗಳಿರಲಿಲ್ಲ. ಪಾಠ ಹೇಳುವವರು, ಕೇಳುವವರು ಕೂಡಿ ಮಾಡಿಕೊಂಡ ಸಂಘವನ್ನೇ ವಿಶ್ವವಿದ್ಯಾಲಯ ಎನ್ನುತ್ತಿದ್ದರು. ಬಾಡಿಗೆ ಕೋಣೆಗಳಲ್ಲಿ, ಮಠಗಳ ಪಡಸಾಲೆಗಳಲ್ಲಿ ಪಾಠ ನಡೆಯುತ್ತಿತ್ತು. ದೊಡ್ಡ ಕಷ್ಟವೆಂದರೆ ವಸತಿ ಮತ್ತು ಊಟದ್ದು. ಪ್ಯಾರಿಸ್ಸಿನಲ್ಲಿ ರಾಬರ್ಟ್ ದ ಸೊರ್ಬೋನ್ ಎಂಬ ಗುರು, ಸ್ವತಃ ಬಡ ಕುಟುಂಬದಿಂದ ಬಂದವರು, ದೈವಶಾಸ್ತ್ರ ಓದುವ ಬಡ ವಿದ್ಯಾರ್ಥಿಗಳಿಗಾಗಿ 1257ರಲ್ಲಿ ಒಂದು ನಿಲಯ ಕಟ್ಟಿಸಿದರು. ಇಂದು ಜಗತ್ತೇ ಬಲ್ಲ 'ಸೊರ್ಬೋನ್' ಎಂಬ ಹೆಸರು ಬಂದದ್ದು ಆ ನಿಲಯದಿಂದ. ಅಂದರೆ ಯೂರೋಪಿನ ಅಷ್ಟು ದೊಡ್ಡ ವಿದ್ಯಾಕೇಂದ್ರದ ಹೆಸರು ಬಡ ಹುಡುಗರ ಅನ್ನದ ಚಿಂತೆ ಮಾಡಿದ ಒಬ್ಬ ಗುರುವಿನದು.

ಹಲಸಿಯ ತಾಮ್ರಪಟಗಳು

ಇದು ದೂರದ ಮಾತಾಯಿತು. ನಮ್ಮ ನೆಲದಲ್ಲಿ ಹೇಗಿತ್ತು?

ಖಾನಾಪುರ ತಾಲೂಕಿನಲ್ಲಿ, ನಂದಗಡದ ಕಡೆಗೆ, ಹಲಸಿ ಎಂಬ ಊರಿದೆ. ಇಂದು ಅದು ಗದ್ದೆ, ಗುಡ್ಡಗಳ ನಡುವಿನ ಹಳ್ಳಿ. ಸಾವಿರದೈನೂರು ವರ್ಷಗಳ ಹಿಂದೆ ಅದು ಪಲಾಶಿಕಾ ಎಂಬ ನಗರ, ಕದಂಬ ಅರಸರ ಎರಡನೆಯ ರಾಜಧಾನಿ. ಈ ಕದಂಬ ವಂಶ ಹುಟ್ಟಿದ ಕಥೆಯೇ ಒಬ್ಬ ವಿದ್ಯಾರ್ಥಿಯ ಕಥೆ. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಶಾಸನ ಅದನ್ನು ಹೇಳುತ್ತದೆ. ಮಯೂರಶರ್ಮ ಎಂಬ ತರುಣ ತನ್ನ ಗುರು ವೀರಶರ್ಮನ ಜೊತೆ ಕಂಚಿಗೆ ಹೋಗಿ ಅಲ್ಲಿನ 'ಘಟಿಕೆ'ಯನ್ನು ಸೇರಿದ. ಘಟಿಕೆ ಎಂದರೆ ಆ ಕಾಲದ ಉನ್ನತ ವಿದ್ಯಾಸ್ಥಾನ. ಅಲ್ಲಿ ಒಬ್ಬ ಪಲ್ಲವ ಕುದುರೆ ಸವಾರನೊಂದಿಗೆ ಜಗಳವಾಗಿ, ಅವಮಾನ ಉಂಡು, ಓದು ಬಿಟ್ಟು ಕತ್ತಿ ಹಿಡಿದ. ಹೀಗೆ ನಾಲ್ಕನೆಯ ಶತಮಾನದಲ್ಲಿ ಕನ್ನಡ ನಾಡಿನ ಮೊದಲ ರಾಜವಂಶ ಹುಟ್ಟಿತು. ಓದಲು ಪರಸ್ಥಳಕ್ಕೆ ಹೋದ ಬಡ ಹುಡುಗ ಅಲ್ಲಿ ಅವಮಾನ ಅನುಭವಿಸುವುದು ಇಂದು ನಿನ್ನೆಯದಲ್ಲ ಎಂದಾಯಿತು.

ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳು ಇತಿಹಾಸಕಾರರಿಗೆ ಚೆನ್ನಾಗಿ ಪರಿಚಿತ. ಅವುಗಳಲ್ಲಿ ರವಿವರ್ಮನ ಕಾಲದ ಒಂದು ಶಾಸನ ಜೈನರಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಒಂದು ಹಳ್ಳಿಯ ಉತ್ಪನ್ನದಿಂದ ವರ್ಷಕ್ಕೊಮ್ಮೆ ಕಾರ್ತಿಕದಲ್ಲಿ ಎಂಟು ದಿನದ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಪೋಷಣೆ ಆಗಬೇಕು, ವಿದ್ವಾಂಸರಿಗೂ ಅದರಲ್ಲಿ ಪಾಲು ಸಿಗಬೇಕು ಎಂದು ಅರಸನ ಕಟ್ಟಳೆ. ಖಾನಾಪುರದ ಮಳೆಯನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ತಿಂಗಳಿನಿಂದ ಹೊಳೆ ಹಳ್ಳಗಳು ತುಂಬಿ ದಾರಿ ನಿಲ್ಲುವ ನಾಡಿನಲ್ಲಿ, ಭಿಕ್ಷೆಗೆ ಹೊರಡಲಾಗದ ಜ್ಞಾನಿಗಳಿಗೆ ಯಾರೋ ಉಣಬಡಿಸಲೇಬೇಕಿತ್ತು. ಆ ಹಳ್ಳಿಯ ರೈತರು ಬೆಳೆದದ್ದು ಆ ಎಲೆಗೆ ಬಿತ್ತು. ಶಾಸನದಲ್ಲಿ ಅರಸನ ಹೆಸರಿದೆ, ವಿದ್ವಾಂಸನ ಹೆಸರಿದೆ. ಬೆಳೆದವನ ಹೆಸರಿಲ್ಲ.

ದೂರದ ಮುಂಬಯಿ

ಈಗ ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. ಬ್ರಿಟಿಷರ ಆಳಿಕೆಯಲ್ಲಿ ಬೆಳಗಾವಿ ದಂಡಿನ ಊರಾಯಿತು. ಕ್ಯಾಂಪ್ ಪ್ರದೇಶದಲ್ಲಿ 1856ರಲ್ಲಿ ಸಂತ ಪೌಲರ ಶಾಲೆ ಆರಂಭವಾಯಿತು. ಇಂದು ಯೇಸುಸಭೆಯ ಗುರುಗಳು ನಡೆಸುತ್ತಿರುವ ಆ ಶಾಲೆ ಬೆಳಗಾವಿಯ ಹಳೆಯ ಶಾಲೆಗಳಲ್ಲೊಂದು. ಮರುವರ್ಷ, 1857ರಲ್ಲಿ, ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಂದಿನಿಂದ ಸುಮಾರು ತೊಂಬತ್ತು ವರ್ಷ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಭಾಗದ ಮಕ್ಕಳಿಗೆಲ್ಲ ಅದೇ ವಿಶ್ವವಿದ್ಯಾಲಯ.

ಮೆಟ್ರಿಕ್ ಮುಗಿಸಿದ ಹುಡುಗ ಮುಂದೆ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಕೊಲ್ಹಾಪುರಕ್ಕೋ ಹೋಗಬೇಕಿತ್ತು. ಖರ್ಚು ತಡೆಯಲಾಗದವರು ವಾರಾನ್ನಕ್ಕೆ ನಿಲ್ಲುತ್ತಿದ್ದರು. ವಾರಾನ್ನವೆಂದರೆ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಹೀಗೆ ವಾರಕ್ಕೆ ಏಳು ಮನೆಗಳ ಊಟ. ಇಂದಿನ ಮಕ್ಕಳಿಗೆ ಈ ಪದವೇ ಹೊಸದು. ಹಿಂದಿನ ತಲೆಮಾರಿನ ಎಷ್ಟೋ ವಕೀಲರು, ಮಾಸ್ತರರು, ಸಾಹಿತಿಗಳು ಬೇರೆಯವರ ಮನೆಯ ತಾಯಂದಿರು ಬಡಿಸಿದ ಅನ್ನದಿಂದ ಪದವಿ ಪಡೆದವರು. ಆದರೆ ವಾರಾನ್ನದ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎಂಬುದನ್ನೂ ಮರೆಯಬಾರದು.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ ದೂರ ಸ್ವಲ್ಪ ಕಡಿಮೆಯಾಯಿತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ಇದಕ್ಕಾಗಿ ಬಹಳ ದುಡಿದರು. ಕಾಲೇಜು ನೆಲೆಗೊಂಡ ಕಟ್ಟಡ ಹಿಂದೆ ರೇಲ್ವೆ ಕಂಪನಿಯ ಕಚೇರಿಯಾಗಿತ್ತು. ಖಾನಾಪುರ ತಾಲೂಕಿನ ಲೋಂಡಾ, ಖಾನಾಪುರ, ಬೆಳಗಾವಿಗಳನ್ನು ಧಾರವಾಡಕ್ಕೆ ಜೋಡಿಸಿದ್ದೂ ರೈಲೇ. ಆ ರೈಲಿನಲ್ಲೇ ನಮ್ಮ ಭಾಗದ ಹುಡುಗರು ಕಾಲೇಜಿಗೆ ಹೋದರು.

ತ್ಯಾಗವೀರ ಮತ್ತು ಏಳು ಮಂದಿ ಮಾಸ್ತರರು

ಬೆಳಗಾವಿಯಲ್ಲಿ ಕಾಲೇಜು ಹುಟ್ಟಿದ ಕಥೆಗೆ ಇಬ್ಬಗೆಯ ದಾನಿಗಳಿದ್ದಾರೆ. ಆಸ್ತಿ ಇದ್ದವರು ಆಸ್ತಿ ಕೊಟ್ಟರು. ಆಸ್ತಿ ಇಲ್ಲದವರು ಆಯುಷ್ಯ ಕೊಟ್ಟರು.

ಆಸ್ತಿ ಕೊಟ್ಟವರಲ್ಲಿ ಮೊದಲ ಹೆಸರು ಶಿರಸಂಗಿಯ ಲಿಂಗರಾಜ ದೇಸಾಯಿಯವರದು. 1861ರಲ್ಲಿ ಹುಟ್ಟಿ ಶಿರಸಂಗಿ ಸಂಸ್ಥಾನಕ್ಕೆ ದತ್ತು ಬಂದ ಇವರಿಗೆ ಮಕ್ಕಳಿರಲಿಲ್ಲ. 1906ರಲ್ಲಿ ತೀರಿಕೊಳ್ಳುವ ಮೊದಲು ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೃತ್ಯುಪತ್ರ ಬರೆದಿಟ್ಟರು. ಆ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಉತ್ತರ ಕರ್ನಾಟಕದ ತಲೆಮಾರುಗಳೇ ಓದಿದವು. ಜನ ಅವರನ್ನು 'ತ್ಯಾಗವೀರ' ಎಂದು ಕರೆದರು. ಸ್ವಂತ ಮಗನಿಲ್ಲದವರು ಸಾವಿರಾರು ಮಕ್ಕಳ ತಂದೆಯಾದರು ಎಂದರೆ ತಪ್ಪಾಗಲಾರದು.

ಆಯುಷ್ಯ ಕೊಟ್ಟವರು ಏಳು ಮಂದಿ ತರುಣ ಶಿಕ್ಷಕರು. ಶಿ.ಶಿ. ಬಸವನಾಳ, ಮ.ರಾ. ಸಾಖರೆ, ಮಮದಾಪುರ ಮೊದಲಾದ ಈ ಗೆಳೆಯರು ದೊಡ್ಡ ಸಂಬಳದ ಸರಕಾರಿ ನೌಕರಿ ಹಿಡಿಯಬಹುದಿತ್ತು. ಪುಣೆಯಲ್ಲಿ ತಿಲಕ, ಆಗರಕರರು ಕಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿಯ ಮಾದರಿ ಅವರ ಕಣ್ಣ ಮುಂದಿತ್ತು. 1916ರ ನವೆಂಬರ್ 13ರಂದು ಅವರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಆರಂಭಿಸಿದರು. ಅದೇ ಇಂದಿನ ಕೆ.ಎಲ್.ಇ. ಸಂಸ್ಥೆ. ಮೊದಲಿಗೆ ಇದ್ದದ್ದು ಒಂದು ಶಾಲೆ ಮಾತ್ರ. ಮುಂದೆ ಅದು ಗಿಲಗಂಚಿ ಅರಟಾಳ ಹೈಸ್ಕೂಲ್ ಎಂದು ಹೆಸರಾಯಿತು. ಈ ಏಳು ಮಂದಿಯನ್ನು ಜನ ಇಂದಿಗೂ 'ಸಪ್ತರ್ಷಿ'ಗಳೆಂದು ನೆನೆಯುತ್ತಾರೆ. 1933ರಲ್ಲಿ ಇದೇ ಸಂಸ್ಥೆ ಬೆಳಗಾವಿಯಲ್ಲಿ ಕಾಲೇಜು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟರು. ಆಸ್ತಿ ಕೊಟ್ಟವರೂ ಆಯುಷ್ಯ ಕೊಟ್ಟವರೂ ಅಲ್ಲಿ ಒಂದಾದರು.

ಆ ಮೇಲೆ ಒಂದೊಂದಾಗಿ ಬಾಗಿಲುಗಳು ತೆರೆದವು. 1939ರಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು ಬಂತು. ದೇಶದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರು ಇಲ್ಲಿ ಓದಿದವರು. 1945ರಲ್ಲಿ ಸೌತ್ ಕೊಂಕಣ ಎಜುಕೇಶನ್ ಸೊಸೈಟಿಯವರು ಟಿಳಕವಾಡಿಯಲ್ಲಿ ರಾಣಿ ಪಾರ್ವತಿದೇವಿ ಕಾಲೇಜನ್ನು ಆರಂಭಿಸಿದರು. ಜನರ ಬಾಯಲ್ಲಿ ಅದು ಆರ್.ಪಿ.ಡಿ. ಕಾಲೇಜು. ಕನ್ನಡ ಮನೆಯ ಮಕ್ಕಳು, ಮರಾಠಿ ಮನೆಯ ಮಕ್ಕಳು, ಕೊಂಕಣಿ ಮನೆಯ ಮಕ್ಕಳು ಈ ಕಾಲೇಜುಗಳ ಬೆಂಚುಗಳ ಮೇಲೆ ಒಟ್ಟಿಗೆ ಕುಳಿತರು. ಭಾಷೆಯ ಹೆಸರಿನಲ್ಲಿ ಊರು ಕಾವೇರಿದ ದಿನಗಳಲ್ಲೂ ಬೆಂಚು ಒಂದೇ ಆಗಿತ್ತು.

ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ

ಸ್ವಾತಂತ್ರ್ಯ ಬಂದ ಮೇಲೆ ಕನ್ನಡ ಭಾಗಕ್ಕೆ ತನ್ನದೇ ವಿಶ್ವವಿದ್ಯಾಲಯ ಬೇಕೆಂಬ ಬಹುದಿನದ ಬೇಡಿಕೆ ಈಡೇರಿತು. 1949ರಲ್ಲಿ ಮುಂಬಯಿ ಸರಕಾರ ಕರ್ನಾಟಕ ವಿಶ್ವವಿದ್ಯಾಲಯದ ಕಾನೂನನ್ನು ತಂದಿತು. ಮೊದಲು ಮುಂಬಯಿಯಲ್ಲೇ ಕಚೇರಿ ಇದ್ದು, 1950ರಲ್ಲಿ ವಿಶ್ವವಿದ್ಯಾಲಯ ಧಾರವಾಡಕ್ಕೆ ಬಂತು. ನ್ಯಾಯಮೂರ್ತಿ ಆರ್.ಎ. ಜಹಗೀರದಾರರು ಮೊದಲ ಕುಲಪತಿಗಳು. ಕರ್ನಾಟಕ ರಾಜ್ಯ ಹುಟ್ಟುವ ಆರು ವರ್ಷ ಮೊದಲೇ ಕರ್ನಾಟಕ ಎಂಬ ಹೆಸರಿನ ವಿಶ್ವವಿದ್ಯಾಲಯ ಇಲ್ಲಿ ನಡೆಯುತ್ತಿತ್ತು ಎಂಬುದನ್ನು ಗಮನಿಸಬೇಕು. 1956ರ ಏಕೀಕರಣದ ನಂತರ ಕಲಬುರ್ಗಿ ಭಾಗದ ಕಾಲೇಜುಗಳೂ ಇದಕ್ಕೆ ಸೇರಿದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬೇರೆಯಾಗುವ ತನಕ ಉತ್ತರ ಕರ್ನಾಟಕದ ಬಹುಭಾಗಕ್ಕೆ ಇದೊಂದೇ ಆಸರೆ.

ಈ ವಿಶ್ವವಿದ್ಯಾಲಯವನ್ನು ನಿಜವಾಗಿ ಕಟ್ಟಿ ಬೆಳೆಸಿದವರು ನಮ್ಮ ಜಿಲ್ಲೆಯವರು. ಗೋಕಾಕ ತಾಲೂಕಿನ ಮಮದಾಪುರ ಎಂಬ ಹಳ್ಳಿಯಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಎಂಬ ದೊಡ್ಡ ಗೌರವ ಪಡೆದವರು. ಮುಂಬಯಿ ರಾಜ್ಯದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಅವರು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದರು. ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಇಂದು ಕಾಣುವ ವಿಶ್ವವಿದ್ಯಾಲಯಕ್ಕೆ ಆಕಾರ ಬಂದದ್ದು ಅವರ ಕಾಲದಲ್ಲಿ. ಮುಂದೆ ಅವರು ಪಂಜಾಬಿನ ರಾಜ್ಯಪಾಲರಾದರು.

ಖಾನಾಪುರದವರಿಗೆ ಇನ್ನೊಂದು ಮಾತು ಹೇಳಬೇಕು. ಮಲಪ್ರಭಾ ನದಿ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅದರ ನೀರು ಸವದತ್ತಿ ಬಳಿಯ ಅಣೆಕಟ್ಟಿನಲ್ಲಿ ನಿಂತು, ಹುಬ್ಬಳ್ಳಿ ಧಾರವಾಡಗಳ ಮನೆಗಳಿಗೆ ಹೋಗುತ್ತದೆ. ಎಂದೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ನಮ್ಮ ಕಾಡಿನ ಊರುಗಳು ಅಲ್ಲಿನ ವಿದ್ಯಾರ್ಥಿಗಳಿಗೆ ಕುಡಿಯುವ ನೀರು ಕಳುಹಿಸುತ್ತಾ ಬಂದಿವೆ.

ಬಸ್ಸಿನಲ್ಲಿ ಬಂದ ಬುತ್ತಿ

ಇನ್ನು ವಿದ್ಯಾರ್ಥಿ ಜೀವನ. ಧಾರವಾಡ, ಬೆಳಗಾವಿಗಳಲ್ಲಿ ಓದಿದ ಹಳ್ಳಿಯ ಮಕ್ಕಳನ್ನು ಕೇಳಿ ನೋಡಿರಿ. ಅವರು ಮೊದಲು ಹೇಳುವುದು ಗ್ರಂಥಾಲಯದ ವಿಷಯವಲ್ಲ, ಬುತ್ತಿಯ ವಿಷಯ. ಒಂದು ಖೋಲಿಯಲ್ಲಿ ಮೂರು ನಾಲ್ಕು ಹುಡುಗರು. ಊರಿನಿಂದ ಬರುವ ಕೆಂಪು ಬಸ್ಸಿನಲ್ಲಿ ಬುತ್ತಿ ಬರಬೇಕು. ಮನೆಯಲ್ಲಿ ತಾಯಿ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಪಲ್ಯ, ಶೇಂಗಾ ಚಟ್ನಿ ಹಚ್ಚಿ ಬಟ್ಟೆಯಲ್ಲಿ ಗಂಟು ಕಟ್ಟಿ ಬಸ್ಸಿಗೆ ಕೊಡುತ್ತಿದ್ದಳು. ಡ್ರೈವರ, ಕಂಡಕ್ಟರರು ಅದನ್ನು ಜೋಪಾನವಾಗಿ ತರುತ್ತಿದ್ದರು. ಹುಡುಗರು ಬಸ್ ನಿಲ್ದಾಣದಲ್ಲಿ ಕಾದು ನಿಂತು ತಮ್ಮ ತಮ್ಮ ಗಂಟು ಎತ್ತಿಕೊಳ್ಳುತ್ತಿದ್ದರು. ಬಸ್ಸು ತಪ್ಪಿದ ದಿನ ಗೆಳೆಯನ ಗಂಟಿನಲ್ಲಿ ಪಾಲು. ಗಂಟು ಬಿಚ್ಚಿದಾಗ ಯಾವ ಊರಿನದು, ಯಾವ ಜಾತಿಯದು ಎಂಬ ಲೆಕ್ಕ ಹಸಿದ ಹುಡುಗರಿಗೆ ಇರುತ್ತಿರಲಿಲ್ಲ.

ಬುತ್ತಿಯೂ ಬಾರದಂಥ ಬಡವರಿಗೆ ಮಠಗಳಿದ್ದವು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ನಡೆಸಿದ ಉಚಿತ ಪ್ರಸಾದ ನಿಲಯ, ಇವುಗಳಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಕಥೋಲಿಕರಾದ ನಾವು ಈ ಸ್ವಾಮಿಗಳಿಗೆ ತಲೆಬಾಗಬೇಕು. ಹಸಿದವರಿಗೆ ಉಣಿಸಿದವರನ್ನು ಯೇಸುಸ್ವಾಮಿ ತಮ್ಮವರೆಂದು ಗುರುತಿಸುತ್ತಾರೆ ಎಂಬುದು ನಮ್ಮ ನಂಬಿಕೆಯಲ್ಲವೇ?

ಒಬ್ಬರ ಉದಾಹರಣೆ ಸಾಕು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಒಂದು ಬಡ ಕುಟುಂಬದಲ್ಲಿ ಒಬ್ಬ ಹುಡುಗ ಹುಟ್ಟಿದ. ಬಡತನದಿಂದ ಹೈಸ್ಕೂಲು ಬಿಡಬೇಕಾಯಿತು. ಆಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಆ ಹುಡುಗನ ಹೈಸ್ಕೂಲಿನ ಖರ್ಚನ್ನು ತಾವೇ ವಹಿಸಿಕೊಂಡರು. ಹುಡುಗ ಮುಂದೆ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದಿ, 1962ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಎಂ.ಎ. ಪದವಿ ಪಡೆದ. ಅವರೇ ಚಂದ್ರಶೇಖರ ಕಂಬಾರರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. 2010ರ ಸಾಲಿನ ಜ್ಞಾನ‍ಪೀಠ ಪ್ರಶಸ್ತಿ ಅವರಿಗೆ ಬಂತು. ಶಾಲೆ ಬಿಟ್ಟಿದ್ದ ಹುಡುಗ ಒಂದು ವಿಶ್ವವಿದ್ಯಾಲಯವನ್ನೇ ಕಟ್ಟಿದ. ಆ ದಿನ ಸ್ವಾಮಿಗಳು ಕೈ ಹಿಡಿಯದಿದ್ದರೆ?

ಊಟದ ಕಷ್ಟದ ಜೊತೆಗೆ ಇನ್ನೊಂದು ಕಷ್ಟ ಭಾಷೆಯದು. ಖಾನಾಪುರದ ನಮ್ಮ ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ ಇಲ್ಲವೆ ಮರಾಠಿ. ಪೇಟೆಯಲ್ಲಿ ಕನ್ನಡ. ಕಾಲೇಜಿಗೆ ಬಂದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ತಿಳಿದಿದ್ದರೂ ಬಾಯಿ ಬಿಡಲು ಅಂಜಿಕೆ. ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತ ಆ ಹುಡುಗನನ್ನೋ ಹುಡುಗಿಯನ್ನೋ ನೋಡಿದಾಗ 'ಮೂಕ ಎತ್ತು' ನೆನಪಾಗಬೇಕು. ಅಂಥ ಮಗುವಿನ ಮೌನವನ್ನು ದಡ್ಡತನವೆಂದು ತಿಳಿಯದೆ, ಅದರೊಳಗಿನ ಧ್ವನಿಯನ್ನು ಕೇಳಬಲ್ಲ ಒಬ್ಬ ಆಲ್ಬರ್ಟ್ ಗುರು ಪ್ರತಿ ಕಾಲೇಜಿಗೂ ಬೇಕು.

ರಾಣಿಯ ಹೆಸರಿನಲ್ಲಿ

ಬೆಳಗಾವಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು ತಡವಾಗಿ. 1982ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮನ ಹೆಸರಿನ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಮುಂದೆ ಅದು ಹೆದ್ದಾರಿಯ ಪಕ್ಕದ ಭೂತರಾಮನಹಟ್ಟಿಯಲ್ಲಿ ನೆಲೆಯೂರಿತು. 1998ರಲ್ಲಿ ಇಡೀ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಿಗಾಗಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ಕೇಂದ್ರ 'ಜ್ಞಾನ ಸಂಗಮ' ಇರುವುದು ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯ ಮಚ್ಛೆಯಲ್ಲಿ. 2010ರಲ್ಲಿ ಭೂತರಾಮನಹಟ್ಟಿಯ ಕೇಂದ್ರವೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಬೆಳಗಾವಿ, ವಿಜಾಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಅದಕ್ಕೆ ಸೇರಿದವು. ಲಿಂಗರಾಜ ಕಾಲೇಜು ಮೊದಲ ಮುಂಬಯಿಯದು, ಆಮೇಲೆ ಧಾರವಾಡದ್ದು, ಕೊನೆಗೆ ನಮ್ಮ ಊರಿನ ವಿಶ್ವವಿದ್ಯಾಲಯದ ಪರಿಧಿಗೆ ಬಂತು. ಎಪ್ಪತ್ತೇಳು ವರ್ಷಗಳಲ್ಲಿ ವಿಶ್ವವಿದ್ಯಾಲಯವೇ ನಡೆದು ನಮ್ಮ ಬಾಗಿಲಿಗೆ ಬಂದಂತಾಯಿತು.

ಈ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಹೆಸರಿನಲ್ಲಿ ಒಂದು ಪ್ರಥಮ ದರ್ಜೆ ಕಾಲೇಜನ್ನೂ ನಡೆಸುತ್ತಿದೆ. ರಾಣಿಯ ಬಂಟ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿಯಲ್ಲಿ ಗಲ್ಲಿಗೇರಿಸಿದ್ದು ಖಾನಾಪುರ ತಾಲೂಕಿನ ನಂದಗಡದಲ್ಲಿ. ರಾಣಿ 1829ರಲ್ಲೇ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಿದ್ದಳು. ಇಬ್ಬರೂ ಸೋತೆವೆಂದೇ ತಿಳಿದು ಕಣ್ಣು ಮುಚ್ಚಿರಬೇಕು. ತಮ್ಮ ಹೆಸರು ಹೇಳಿಕೊಂಡು ಬಡವರ ಮಕ್ಕಳು ಪದವಿ ಪಡೆಯುವ ದಿನ ಬರುವುದೆಂದು ಅವರಿಗೆ ಹೇಗೆ ಗೊತ್ತಿರಬೇಕು? ನೆಲಕ್ಕೆ ಬಿದ್ದ ಗೋಧಿಯ ಕಾಳು ಫಲ ಕೊಡುವ ಬಗೆಯನ್ನು ನಾವು ತಪಸ್ಸುಕಾಲದಲ್ಲಿ ಧ್ಯಾನಿಸುತ್ತೇವೆ. ನಮ್ಮ ಜಿಲ್ಲೆಯ ಇತಿಹಾಸದಲ್ಲೂ ಅದು ಕಾಣುತ್ತದೆ.

ನಾವು ಯಾರ ಬುತ್ತಿ ಕಟ್ಟಿದ್ದೇವೆ?

ಈಗ ನಮ್ಮ ಸರದಿ. 1953ರಲ್ಲಿ ಗೋವಾ ಮಹಾಧರ್ಮಪ್ರಾಂತ್ಯದಿಂದ ಬೇರೆಯಾಗಿ ಬೆಳಗಾವಿ ಧರ್ಮಪ್ರಾಂತ್ಯ ಹುಟ್ಟಿತು. ನಮ್ಮ ಗುರುಗಳು, ಕನ್ಯಾಸ್ತ್ರೀಯರು ಕಾಡಿನ ಅಂಚಿನ ಊರುಗಳಲ್ಲೂ ಶಾಲೆ ತೆರೆದು, ಮಕ್ಕಳಿಗೆ ಅಕ್ಷರ ಕಲಿಸಿದ್ದಾರೆ. ಇದು ನಾವು ಹೆಮ್ಮೆಪಡಬೇಕಾದ ಸಂಗತಿ. ಆದರೆ ಶಾಲೆಯ ನಂತರ? ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ಗೋವಾಕ್ಕೆ ಕೆಲಸಕ್ಕೆ ಹೋದ ಎಂದು, ಪಿಯುಸಿ ಮುಗಿಸಿದ ಹುಡುಗಿ ಮನೆಯಲ್ಲೇ ಇದ್ದಾಳೆ ಎಂದು ಕೇಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಮಚ್ಛೆಯ ವಿಶ್ವವಿದ್ಯಾಲಯದ ಮುಂದೆ ದಿನಾ ಬಸ್ಸಿನಲ್ಲಿ ಹಾದುಹೋಗುವ ನಮ್ಮವರಿಗೆ ಅದು ಬೇರೆ ಯಾರದೋ ಮನೆ ಎಂಬಂತೆ ಕಾಣುತ್ತದೆ. ವಿಶ್ವವಿದ್ಯಾಲಯ ಹತ್ತಿರ ಬಂದರೂ ನಮ್ಮ ಮಕ್ಕಳು ಅದರ ಹತ್ತಿರ ಹೋಗದಿದ್ದರೆ ದೂರ ಕಡಿಮೆಯಾದದ್ದು ಯಾರಿಗೆ?

ಹಬ್ಬಗಳಿಗೆ ನಾವು ಖರ್ಚು ಮಾಡುತ್ತೇವೆ. ಮಂಟಪ, ದೀಪ, ಬ್ಯಾಂಡು, ಪಟಾಕಿ ಇವುಗಳಿಗೆ ವಂತಿಗೆ ಎತ್ತುವಾಗ ಯಾರೂ ಹಿಂದೆ ಸರಿಯುವುದಿಲ್ಲ. ಹಬ್ಬ ಬೇಡವೆನ್ನುವವನು ನಾನಲ್ಲ. ಒಂದು ರಾತ್ರಿಯ ಪಟಾಕಿಯ ಹಣದಲ್ಲಿ ಒಬ್ಬ ವಿದ್ಯಾರ್ಥಿಯ ವರ್ಷದ ಬಸ್ ಪಾಸು, ಪುಸ್ತಕ ಬರುವುದಾದರೆ ಸಂತರಿಗೆ ಯಾವುದು ಹೆಚ್ಚು ಮೆಚ್ಚುಗೆಯಾಗುವುದು ಎಂದು ಮಾತ್ರ ಕೇಳುತ್ತೇನೆ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಪ್ರತಿಭೆ ಇದ್ದೂ ಹಣವಿಲ್ಲದ ವಿದ್ಯಾರ್ಥಿಗಳಿಗೆ ಉನ್ನತ ವಿದ್ಯೆಯ ಬಾಗಿಲು ಸುಲಭವಾಗಿ ತೆರೆಯಬೇಕೆಂದು ಹೇಳಲಾಗಿದೆ. ಅದು ಧರ್ಮಾಧ್ಯಕ್ಷರಿಗೆ, ಗುರುಗಳಿಗೆ ಮಾತ್ರ ಹೇಳಿದ ಮಾತಲ್ಲ.

ಇದಕ್ಕೆ ದೊಡ್ಡ ಟ್ರಸ್ಟು ಬೇಕಾಗಿಲ್ಲ. ಶಿರಸಂಗಿಯ ದೇಸಾಯಿಯವರಷ್ಟು ಆಸ್ತಿ ನಮ್ಮಲ್ಲಿ ಯಾರಿಗಿದೆ? ಪ್ರತಿ ಧರ್ಮಕೇಂದ್ರದ ಪ್ರತಿ ಕಿರು ಕ್ರೈಸ್ತ ಸಮುದಾಯ ವರ್ಷಕ್ಕೆ ಒಬ್ಬ ವಿದ್ಯಾರ್ಥಿಯನ್ನು ತನ್ನದೆಂದು ಆರಿಸಿಕೊಳ್ಳಲಿ. ಬೆಳಗಾವಿಯಲ್ಲಿ ಮನೆ ಇರುವವರು ಖಾನಾಪುರದ ಹಳ್ಳಿಯ ಒಂದು ಮಗುವಿಗೆ ಮಳೆಗಾಲದ ನಾಲ್ಕು ತಿಂಗಳಾದರೂ ಜಾಗ ಕೊಡಲಿ. ಹಲಸಿಯ ಅರಸನ ಕಟ್ಟಳೆಯೂ ಅದೇ ನಾಲ್ಕು ತಿಂಗಳದ್ದು. ನಿವೃತ್ತ ಶಿಕ್ಷಕರು ಭಾನುವಾರದ ಬಲಿಪೂಜೆಯ ನಂತರ ಒಂದು ತಾಸು ಇಂಗ್ಲಿಷು, ಗಣಿತ ಹೇಳಿಕೊಡಲಿ. ಆ ಮಗು ಕಥೋಲಿಕನೇ ಆಗಿರಬೇಕು ಎಂಬ ನಿಯಮ ಬೇಡ. ಕಾಡಿನ ಗವಳಿವಾಡೆಯ ಮಗುವಾದರೂ ಸರಿ, ಇಟ್ಟಿಗೆ ಭಟ್ಟಿಯ ಕೂಲಿಯ ಮಗಳಾದರೂ ಸರಿ. ವಿದ್ಯಾರ್ಥಿಗಳೂ ಒಂದು ಮಾತು ನೆನಪಿಡಲಿ. ಪದವಿ ಪತ್ರದ ಮೇಲೆ ನಿಮ್ಮ ಹೆಸರು ಒಂದೇ ಇರುತ್ತದೆ. ಅದನ್ನು ಗಳಿಸಿದವರು ಬಹಳ ಜನ.

ಶುಭಸಂದೇಶದಲ್ಲಿ ಒಬ್ಬ ಹುಡುಗ ಬರುತ್ತಾನೆ. ಅವನ ಬಳಿ ಐದು ಜವೆಗೋಧಿಯ ರೊಟ್ಟಿ, ಎರಡು ಮೀನು. ಜವೆಗೋಧಿ ಬಡವರ ಧಾನ್ಯ. ಐದು ಸಾವಿರ ಜನರ ಹಸಿವು ತೀರಿದ್ದು ಆ ಬುತ್ತಿಯಿಂದ. ಆ ಬುತ್ತಿ ಕಟ್ಟಿಕೊಟ್ಟವಳ ಮಾತು ಶುಭಸಂದೇಶದಲ್ಲಿ ಇಲ್ಲ. ಆದರೂ ಯಾವುದೋ ಒಂದು ಮನೆಯಲ್ಲಿ ಯಾರೋ ಒಬ್ಬ ತಾಯಿ ನಸುಕಿನಲ್ಲಿ ಎದ್ದು ಹಿಟ್ಟು ನಾದಿರಬೇಕಲ್ಲವೇ? ತನ್ನ ರೊಟ್ಟಿ ಯಾರ ಕೈ ಸೇರಿತು, ಎಷ್ಟು ಜನರನ್ನು ಮುಟ್ಟಿತು ಎಂದು ಅವಳಿಗೆ ತಿಳಿದಿತ್ತೋ ಇಲ್ಲವೋ. ನಮ್ಮ ಭಾಗದ ವಿಶ್ವವಿದ್ಯಾಲಯ ಎದ್ದು ನಿಂತಿರುವುದೂ ಅಂಥವರ ಬುತ್ತಿಯ ಮೇಲೆ.

ಸಂತ ಥಾಮಸರೇ, ಭಿಕ್ಷೆಯ ಅನ್ನ ಉಂಡು ಓದಿದವರೇ, ನಮ್ಮ ಮಕ್ಕಳಿಗೆ ಓದುವ ಮನಸ್ಸನ್ನೂ ನಮಗೆ ಬುತ್ತಿ ಕಟ್ಟುವ ಕೈಗಳನ್ನೂ ದೇವರಿಂದ ಬೇಡಿಕೊಡಿರಿ. ಆಮೆನ್.